ಅರವತ್ತು ಅಡಿ ರಸ್ತೆಯಲ್ಲಿ ಸೈಕಲ್‌ಗೆ ಜಾಗ ಎಲ್ಲಿದೆ?

ಸೈಕಲ್ ಪಥ, ಫುಟ್‌ಪಾತ್, ಹಂಪ್ಸ್ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರು, ಮೈಸೂರಿನವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮದು ಅರವತ್ತು ಅಡಿ ರಸ್ತೆ. ಡಾಂಬರು ಕಿತ್ತು ಹೊಸದಾಗಿ ಮಾಡಲಿದ್ದಾರೆ. ಸೈಕಲ್ ಪಥ ಕೇಳಿದರೆ ಎಂಜಿನಿಯರ್ "ಜಾಗ ಎಲ್ಲಿದೆ ಸಾರ್?" ಅಂತಾರೆ. ನಿಜಕ್ಕೂ ಜಾಗ ಇಲ್ಲವೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಇದಕ್ಕೆ ಉತ್ತರ ಟೇಪಿನಲ್ಲಿದೆ, ಮಾತಿನಲ್ಲಿಲ್ಲ. ಭಾನುವಾರ ಬೆಳಿಗ್ಗೆ 6ಕ್ಕೆ, ವಾಹನ ಕಡಿಮೆ ಇದ್ದಾಗ, 30 ಮೀಟರ್ ಟೇಪ್ ಹಿಡಿದು ಮೂವರು ಹೊರಡಿ. ಇಬ್ಬರು ಟೇಪ್ ಹಿಡಿಯಲು, ಒಬ್ಬರು ಬರೆಯಲು ಮತ್ತು ಬರುವ ಗಾಡಿ ನೋಡಲು. ಅಳೆಯಬೇಕಾದ್ದು ಡಾಂಬರಿನ ಅಗಲವನ್ನಲ್ಲ, ಈ ಬದಿಯ ಕಾಂಪೌಂಡಿನಿಂದ ಆ ಬದಿಯ ಕಾಂಪೌಂಡಿನವರೆಗೆ. ರಸ್ತೆಯ ನಡುಭಾಗ, ಅತಿ ಇಕ್ಕಟ್ಟಾದ ಜಾಗ, ಜಂಕ್ಷನ್ ಹತ್ತಿರ — ಕನಿಷ್ಠ ಮೂರು ಕಡೆ. ದಾಖಲೆಯಲ್ಲಿ 60 ಅಡಿ ಇದ್ದದ್ದು ನೆಲದ ಮೇಲೆ ನಾಲ್ಕೈದು ಅಡಿ ಕಡಿಮೆ ಸಿಕ್ಕರೆ ಗಾಬರಿ ಬೇಡ. ಆ ಅಡಿಗಳು ಗೇಟಿನ ರ‍್ಯಾಂಪು, ಜನರೇಟರ್, ಬೇಲಿ ಹಾಕಿದ ಕೈತೋಟಗಳ ಅಡಿಯಲ್ಲಿರುತ್ತವೆ. ಅದನ್ನೂ ಬರೆದುಕೊಳ್ಳಿ.

60 ಅಡಿ ಅಂದರೆ 18.3 ಮೀಟರ್. ಎರಡೂ ಬದಿ ಫುಟ್‌ಪಾತಿಗೆ ತಲಾ 2.5 ಮೀಟರ್ ಕೊಟ್ಟರೆ 5. ಸೈಕಲ್ ಪಥ ಎರಡೂ ಬದಿ ತಲಾ 2 ಮೀಟರ್, ಒಟ್ಟು 4. ಪಥಕ್ಕೂ ಮೋಟಾರು ವಾಹನಕ್ಕೂ ನಡುವೆ ಅರ್ಧರ್ಧ ಮೀಟರ್ ಅಂತರ, ಅದು 1. ಒಂದು ಬದಿ ಮಾತ್ರ ಕಾರು ನಿಲ್ಲಿಸಲು 2. ವಾಹನ ಓಡಾಡಲು 6. ಒಟ್ಟು 18. ಉಳಿದ 30 ಸೆಂಟಿಮೀಟರ್ ಎರಡು ಬದಿಯ ಕೆರ್ಬ್ ಕಲ್ಲಿಗೆ, ಅಂದರೆ ಫುಟ್‌ಪಾತಿನ ಅಂಚುಗಲ್ಲಿಗೆ, ಸರಿಹೋಯಿತು. ಬಸ್ ಓಡುವ ರಸ್ತೆಯಾದರೆ 6 ಮೀಟರ್ ಬಿಗಿಯಾಗುತ್ತದೆ. ಬಸ್ಸಿನ ಮೈಯಗಲವೇ ಸುಮಾರು 2.6 ಮೀಟರ್, ಕನ್ನಡಿಗಳು ಬೇರೆ. ಆಗ ಪಾರ್ಕಿಂಗ್ ಸಾಲನ್ನು ಬಿಟ್ಟುಕೊಡಿ. ಅದರಲ್ಲಿ ಅರ್ಧ ಮೀಟರ್ ಬಸ್ಸಿಗೆ, ಉಳಿದದ್ದು ಬಸ್ ನಿಲ್ದಾಣಕ್ಕೆ ಮತ್ತು ಮರಗಳಿಗೆ.

ಸೈಕಲ್‌ಗೆ 2 ಮೀಟರ್ ಯಾಕೆ? ಹ್ಯಾಂಡಲ್‌ಬಾರ್ ಅಗಲ 60ರಿಂದ 75 ಸೆಂಟಿಮೀಟರ್. ತುಳಿಯುವಾಗಿನ ಓಲಾಟ ಸೇರಿಸಿದರೆ ಒಬ್ಬರಿಗೆ ಒಂದು ಮೀಟರ್ ಬೇಕು. ನಿಧಾನ ಹೋಗುವ ತಳ್ಳುಸೈಕಲ್ ತರಕಾರಿಯವರನ್ನು ದಾಟಲು ಇನ್ನೊಂದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೈಕಲ್ ಪಥದ ಮಾರ್ಗಸೂಚಿ, ಅಂದರೆ ಐಆರ್‌ಸಿ 11, 2015, ಹೇಳುವುದೂ ಏಕಮುಖ ಪಥಕ್ಕೆ ಕನಿಷ್ಠ 2 ಮೀಟರ್. ಇದಕ್ಕಿಂತ ಕಡಿಮೆ ಮಾಡಿದರೆ ಒಬ್ಬರ ಹಿಂದೆ ಒಬ್ಬರು ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡೂವರೆ ದಾಟಿಸಿದರೆ ಕಾರು ನುಗ್ಗುತ್ತದೆ.

ಕ್ರಮವೂ ಮುಖ್ಯ. ಕಾಂಪೌಂಡಿನಿಂದ ಹೊರಟರೆ ಫುಟ್‌ಪಾತ್, ಆಮೇಲೆ ಸೈಕಲ್, ಆಮೇಲೆ ಅರ್ಧ ಮೀಟರ್ ಅಂತರ, ಅದಾದ ಮೇಲೆ ನಿಂತ ಕಾರು. ಕಾರನ್ನು ಕೆರ್ಬಿಗೆ ಒತ್ತಿ ನಿಲ್ಲಿಸಿ ಅದರ ಹೊರಗೆ ಸೈಕಲ್ ಗೆರೆ ಎಳೆದರೆ, ತೆರೆದ ಬಾಗಿಲಿಗೆ ಡಿಕ್ಕಿ ಹೊಡೆಯಲು ನೀವೇ ದಾರಿ ಮಾಡಿಕೊಟ್ಟಂತೆ. ಪೂರ್ತಿ ತೆರೆದ ಬಾಗಿಲು ಮುಕ್ಕಾಲು ಮೀಟರಿಗೂ ಹೆಚ್ಚು ಚಾಚುತ್ತದೆ.

ನಲವತ್ತು ಅಡಿ ರಸ್ತೆಯವರೂ ಇದೇ ಪ್ರಶ್ನೆ ಕೇಳಿದ್ದಾರೆ. ಅಲ್ಲಿ ಬೇರೆ ಪಥ ಕೇಳಬೇಡಿ, ವೇಗ ಇಳಿಸಲು ಕೇಳಿ. ಒಣ ರಸ್ತೆಯಲ್ಲಿ, ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡರೆ, ಗಂಟೆಗೆ 50 ಕಿ.ಮೀ.ನಲ್ಲಿರುವ ಕಾರು ನಿಲ್ಲಲು ಸುಮಾರು 28 ಮೀಟರ್ ಬೇಕು. 30 ಕಿ.ಮೀ.ನಲ್ಲಿದ್ದರೆ 13 ಸಾಕು. ಅಂದರೆ 30ರಲ್ಲಿ ಬಂದವನು ನಿಂತಾಗಿರುವ ಜಾಗದಲ್ಲಿ 50ರವನು ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ.

ನಮ್ಮ ಬಡಾವಣೆಯಲ್ಲಿ ಸೈಕಲ್ ಪಥ ಮಾಡಿ ಬಣ್ಣ ಬಳಿದರು. ಮೂರೇ ತಿಂಗಳಿಗೆ ಪೂರ್ತಿ ಪಾರ್ಕಿಂಗ್ ಆಯಿತು. ಪೊಲೀಸರು "ಬೋರ್ಡ್ ಇಲ್ಲ, ಕೇಸ್ ಹಾಕೋಕಾಗಲ್ಲ" ಅಂತಾರೆ.
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಜಯನಗರದ ಪಥಗಳ ಕತೆಯೂ ಇದೇ ಆಗಿತ್ತು. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಬೊಲಾರ್ಡ್, ಅಂದರೆ ಗಿಡ್ಡ ತಡೆಗಂಬ, ನೆಟ್ಟು ಪಥ ಮಾಡಿತು. ಬೊಲಾರ್ಡ್‌ಗಳು ಮುರಿದವು, ನಡುವೆ ವಾಹನ ನುಗ್ಗಿದವು, ಮೆಟ್ರೊ ಕಾಮಗಾರಿ ಬಂದಾಗ ಉಳಿದದ್ದೂ ಹೋಯಿತು. ಬಣ್ಣ ಯಾರನ್ನೂ ತಡೆಯುವುದಿಲ್ಲ. ತಡೆಯುವುದು ಕಲ್ಲು ಮತ್ತು ಅಧಿಸೂಚನೆ, ಎರಡೂ ಬೇಕು.

ಮೊದಲು ಕಾನೂನು. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್, ಸೈಕಲ್ ಪಥ, ಜೀಬ್ರಾ ಗೆರೆಗಳ ಮೇಲೆ ವಾಹನ ನಿಲ್ಲಿಸುವಂತಿಲ್ಲ. ಆದರೆ ಅದು ಸೈಕಲ್ ಪಥ ಎಂದು ಯಾರು ಹೇಳಿದರು ಎಂಬ ಪ್ರಶ್ನೆ ಬಂದಾಗ ಪೇದೆಯ ಕೈಯಲ್ಲಿ ಕಾಗದ ಇರುವುದಿಲ್ಲ. ಆದ್ದರಿಂದ ಸಂಚಾರ ವಿಭಾಗದ ಡಿಸಿಪಿಗೆ ಒಂದೇ ಪುಟದ ಪತ್ರ ಬರೆಯಿರಿ: ಇಂಥ ಕ್ರಾಸ್‌ನಿಂದ ಇಂಥ ಕ್ರಾಸ್‌ವರೆಗೆ ಸೈಕಲ್ ಪಥವೆಂದೂ ನಿಲುಗಡೆ ನಿಷೇಧವೆಂದೂ ಅಧಿಸೂಚನೆ ಹೊರಡಿಸಿ, ನೀಲಿ ದುಂಡು ಫಲಕ ನೆಡಿಸಿ. ಪಾಲಿಕೆಗೆ ಪ್ರತಿ ಕಳಿಸಿ, ಯಾಕೆಂದರೆ ಫಲಕ ನೆಡುವ ದುಡ್ಡು ಯಾರದು ಎಂಬುದೇ ಮುಂದಿನ ಜಗಳ.

ಇನ್ನು ಕಲ್ಲು. ಪ್ಲಾಸ್ಟಿಕ್ ಕಂಬಗಳನ್ನು ಬೋಲ್ಟ್ ಹಾಕಿ ನಿಲ್ಲಿಸಿದರೆ ಒಂದು ಮಳೆಗಾಲ ಬಾಳಿದರೆ ಪುಣ್ಯ. 30ರಿಂದ 50 ಸೆಂಟಿಮೀಟರ್ ಅಗಲದ ಕಾಂಕ್ರೀಟ್ ಕಟ್ಟೆ ಕೇಳಿ. ವಾಹನದ ಬದಿ 15 ಸೆಂಟಿಮೀಟರ್ ಎತ್ತರ ಇರಲಿ, ಸೈಕಲ್ ಬದಿಗೆ ಇಳಿಜಾರು ಕೊಟ್ಟು 5ಕ್ಕೆ ತನ್ನಿ. ಪೆಡಲ್ ಕೆಳಕ್ಕೆ ಬಂದಾಗ ನೆಲದಿಂದ ಸುಮಾರು 10-12 ಸೆಂಟಿಮೀಟರ್ ಮೇಲಿರುತ್ತದೆ. ಆ ಬದಿಯೂ ನೇರ 15 ಇದ್ದರೆ ಪೆಡಲ್ ಕಟ್ಟೆಗೆ ಬಡಿದು ಸವಾರ ಮಗ್ಗುಲಾಗಿ ಬೀಳುತ್ತಾನೆ. ನೀರು ಹರಿಯಲು ಹತ್ತು-ಹನ್ನೆರಡು ಮೀಟರಿಗೊಂದು ಗೇಣು ಬಿಡಿ. ಪಥದ ಬಾಯಿಯಲ್ಲಿ ಬೊಲಾರ್ಡ್ ಹಾಕುವುದಾದರೆ ಎರಡರ ನಡುವೆ 1.2ರಿಂದ 1.5 ಮೀಟರ್. ಕಾರು ಹೋಗದು, ವೀಲ್‌ಚೇರ್ ಹೋಗುತ್ತದೆ. ಸ್ಕೂಟರ್? ಅದನ್ನು ತಡೆಯುವ ಬೊಲಾರ್ಡ್ ಇನ್ನೂ ಹುಟ್ಟಿಲ್ಲ. ಸೈಕಲ್ಲನ್ನೂ ವೀಲ್‌ಚೇರನ್ನೂ ತಡೆಯದೆ ಸ್ಕೂಟರನ್ನಷ್ಟೇ ತಡೆಯಲು ಬರುವುದಿಲ್ಲ. ಆ ಕೆಲಸ ಪೊಲೀಸರದೇ.

ಎರಡು ಕಡೆ ಪಥ ಮಾಯವಾಗುತ್ತದೆ, ಗಮನವಿಡಿ. ಒಂದು, ಮನೆ ಗೇಟುಗಳ ಮುಂದೆ. ಪ್ರತಿ ಗೇಟಿಗೂ ಪಥವನ್ನು ತಗ್ಗಿಸಿದರೆ ಸವಾರಿ ಅಲೆಯ ಮೇಲೆ ಹೋದಂತಾಗುತ್ತದೆ, ಜನ ಬೇಸತ್ತು ರಸ್ತೆಗಿಳಿಯುತ್ತಾರೆ. ಪಥ ಸಮತಟ್ಟಾಗಿರಲಿ, ಕಾರು ಹತ್ತುವ ಇಳಿಜಾರು ಹೊರಗಿನ ಅರ್ಧ ಮೀಟರಿನಲ್ಲಿ ಮುಗಿಯಲಿ. ಇನ್ನೊಂದು, ಜಂಕ್ಷನ್‌ನ ಎಡ ತಿರುವು. ಅಲ್ಲಿ ಕೆರ್ಬನ್ನು ದೊಡ್ಡ ಬಿಲ್ಲಿನಂತೆ ತಿರುಗಿಸಿದರೆ ಕಾರು ವೇಗ ಇಳಿಸದೆ ನುಗ್ಗುತ್ತದೆ. ಮೂಲೆಯ ತ್ರಿಜ್ಯವನ್ನು 4-6 ಮೀಟರಿಗೆ ಇಳಿಸಿ, ಅಡ್ಡರಸ್ತೆಯ ಬಾಯಿಯಲ್ಲಿ ಪಥವನ್ನು ಫುಟ್‌ಪಾತ್ ಮಟ್ಟದಲ್ಲೇ ಮುಂದುವರಿಸಿದರೆ ಚಾಲಕ ತಾನಾಗಿಯೇ ನಿಧಾನಿಸುತ್ತಾನೆ.

ಪಾರ್ಕಿಂಗ್ ತೆಗೆದರೆ ನನ್ನ ಅಂಗಡಿಗೆ ಯಾರು ಬರ್ತಾರೆ? ನೀವು ಬರೆಯೋದು ಸುಲಭ.
— ಬಟ್ಟೆ ವ್ಯಾಪಾರಿ, ಮೈಸೂರು

ನಿಮ್ಮ ಭಯ ಸುಳ್ಳಲ್ಲ. ಆದರೆ ನಿಮ್ಮ ಅಂಗಡಿ ಮುಂದೆ ನಿಂತ ಕಾರು ಯಾರದು ಎಂದು ಒಮ್ಮೆ ನೋಡಿ. ಶನಿವಾರ ಸಂಜೆ 5ರಿಂದ 8ರವರೆಗೆ ಬಿಲ್ ಹಾಕುವ ಹುಡುಗನಿಗೆ ಒಂದು ನೋಟ್‌ಬುಕ್ ಕೊಡಿ. ಬಿಲ್ ಮಾಡಿಸಿದ ಪ್ರತಿಯೊಬ್ಬರನ್ನೂ "ಹೇಗೆ ಬಂದ್ರಿ?" ಎಂದು ಕೇಳಿ ನಡಿಗೆ, ಬಸ್ಸು, ಸೈಕಲ್, ಸ್ಕೂಟರ್, ಆಟೊ, ಕಾರು ಎಂದು ಗೆರೆ ಎಳೆಯಲಿ, ಪಕ್ಕದಲ್ಲೇ ಬಿಲ್ ಮೊತ್ತ. ಅದೇ ಹೊತ್ತಿಗೆ ಇನ್ನೊಬ್ಬರು ಅಂಗಡಿ ಮುಂದಿನ ಕಾರುಗಳ ನಂಬರನ್ನು ಅರ್ಧ ಗಂಟೆಗೊಮ್ಮೆ ಬರೆಯಲಿ. ಮೂರು ಗಂಟೆಯೂ ಅಲ್ಲೇ ನಿಂತ ಕಾರು ಗಿರಾಕಿಯದಲ್ಲ, ಪಕ್ಕದ ಕಚೇರಿಯವರದು, ಇಲ್ಲವೇ ನಿಮ್ಮ ಸಾಲಿನ ಯಾವುದೋ ಮಾಲೀಕರದೇ. ಎರಡು ಶನಿವಾರದ ಲೆಕ್ಕ ಇಟ್ಟುಕೊಂಡು ಮಾತಿಗೆ ಕೂರಿ. ಕಾರಿನವರೇ ನಿಮ್ಮ ವ್ಯಾಪಾರ ಎಂದು ಲೆಕ್ಕ ಹೇಳಿದರೆ ಅಡ್ಡರಸ್ತೆಯಲ್ಲಿ ಗಂಟೆಗಿಷ್ಟು ಎಂದು ಶುಲ್ಕದ ಪಾರ್ಕಿಂಗ್ ಕೇಳಿ, ಸಾಮಾನು ಇಳಿಸಲು ಬೆಳಿಗ್ಗೆ 10ರೊಳಗಿನ ಸಮಯ ಕೇಳಿ. ಎರಡೂ ನ್ಯಾಯವಾದ ಬೇಡಿಕೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು-ಹತ್ತು ಸೈಕಲ್ ನಿಲ್ಲುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಶಾಲೆ ಗೇಟಿನ ಮುಂದೆ ಹಂಪ್ ಹಾಕಿಸಿದೆವು. ಈಗ ಅದರ ಮೇಲೇ ಸ್ಕೂಟರ್‌ನವರು, ಸೈಕಲ್ ಮಕ್ಕಳು ಬೀಳುತ್ತಿದ್ದಾರೆ. ತೆಗೆಸೋಣವೇ?
— ಪೋಷಕರು, ಮೈಸೂರು

ತೆಗೆಸಿ, ಸರಿಯಾದದ್ದು ಹಾಕಿಸಿ. ನೀವು ಕಳಿಸಿದ ಅಳತೆ ಪ್ರಕಾರ ಅದು ಎರಡೂವರೆ ಅಡಿ ಉದ್ದ, ಅರ್ಧ ಅಡಿ ಎತ್ತರ. ಅದು ಹಂಪಲ್ಲ, ರಸ್ತೆಗೆ ಅಡ್ಡ ಮಲಗಿಸಿದ ದಿಂಡು. ಐಆರ್‌ಸಿ 99ರ ಹಂಪ್ ಎತ್ತರ ಬರೀ 10 ಸೆಂಟಿಮೀಟರ್, ಆದರೆ ಉದ್ದ 3.7 ಮೀಟರ್, ಅಂದರೆ 12 ಅಡಿ. ಮೇಲ್ಮೈ 17 ಮೀಟರ್ ತ್ರಿಜ್ಯದ ವೃತ್ತದ ತುಣುಕು. 25 ಕಿ.ಮೀ. ವೇಗದಲ್ಲಿ ದಾಟಿದರೆ ಹಿತವಾಗಿರುತ್ತದೆ, 40ರಲ್ಲಿ ದಾಟಿದರೆ ತಲೆ ಚಾವಣಿಗೆ ಹೋಗುತ್ತದೆ. ಬೇಕಾದದ್ದೂ ಅದೇ.

ಗುತ್ತಿಗೆದಾರರ ಮೇಸ್ತ್ರಿಗೆ "17 ಮೀಟರ್ ತ್ರಿಜ್ಯ" ಎಂದರೆ ಏನೂ ಹೇಳಿದಂತಾಗಲಿಲ್ಲ. ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಕೊಡಿ. ಅರ್ಧ ಹಂಪಿನಷ್ಟು, 1.85 ಮೀಟರ್ ಉದ್ದದ ಪಟ್ಟಿ ಸಾಕು, ತಿರುಗಿಸಿ ಇಟ್ಟರೆ ಇನ್ನರ್ಧಕ್ಕೂ ಆಯಿತು. ನಡುವಿನಲ್ಲಿ ಎತ್ತರ 10 ಸೆಂ.ಮೀ., ಅಲ್ಲಿಂದ ಅರ್ಧ ಮೀಟರ್ ಸರಿದರೆ 9.3, ಒಂದು ಮೀಟರಿಗೆ 7, ಒಂದೂವರೆಗೆ 3.5, ತುದಿಯಲ್ಲಿ ಸೊನ್ನೆ. ಬಿಸಿ ಡಾಂಬರು ಹರಡಿ ರೋಲರ್ ಓಡಿಸುವಾಗ ಅಚ್ಚು ಇಟ್ಟು ನೋಡಬೇಕು. ಆರಿದ ಮೇಲೆ ನೋಡಿ ಫಲವಿಲ್ಲ. ರೋಲರ್ ಕೆಳಗೆ ಡಾಂಬರು ಅದುಮಿಕೊಳ್ಳುತ್ತದೆ, ಆದ್ದರಿಂದ ಹರಡುವಾಗ ಸ್ವಲ್ಪ ಹೆಚ್ಚೇ ಇರಲಿ. ಹಳೆಯ ಡಾಂಬರಿನ ಮೇಲ್ಪದರವನ್ನು ಕೆತ್ತಿ, ಟ್ಯಾಕ್ ಕೋಟ್ (ಹೊಸ ಪದರ ಹಳೆಯದಕ್ಕೆ ಅಂಟಲು ಹಾಕುವ ತೆಳು ಡಾಂಬರು) ಬಳಿದು ಹಾಕದಿದ್ದರೆ ಬ್ರೇಕ್ ಹಿಡಿಯುವ ಬಸ್ಸುಗಳು ಹಂಪನ್ನು ಮುಂದಕ್ಕೆ ತಳ್ಳಿ ಸುಕ್ಕುಗಟ್ಟಿಸುತ್ತವೆ.

ನೀರಿಗೆಂದು ಎರಡೂ ಅಂಚಿನಲ್ಲಿ ಒಂದು ಗೇಣಿಗಿಂತ ಹೆಚ್ಚು ಬಿಡಬೇಡಿ. ಎರಡಡಿ ಬಿಟ್ಟರೆ ಬೈಕಿನವರೆಲ್ಲ ಆ ಸಂದಿಗೇ ನುಗ್ಗುತ್ತಾರೆ, ಅಂಚಿನಲ್ಲಿ ನಡೆಯುವವರು ಮಕ್ಕಳು. ಹಳದಿ ಕಪ್ಪು ರಬ್ಬರ್ ಪಟ್ಟಿಯ ಹಂಪ್ ಬೇಡವೇ ಬೇಡ. ತುಂಡುಗಳು ಕಿತ್ತುಹೋಗಿ ಬೋಲ್ಟ್ ನಿಂತಿರುತ್ತದೆ, ಸೈಕಲ್ ಟೈರಿಗೆ ಅದೇ ಮೊಳೆ.

ಗೇಟಿನ ನೇರಕ್ಕೆ ಹಂಪ್ ಬದಲು ಎತ್ತರಿಸಿದ ಜೀಬ್ರಾ ದಾಟು ಉತ್ತಮ. ಫುಟ್‌ಪಾತಿನಿಂದ ಫುಟ್‌ಪಾತಿಗೆ ಸಮತಟ್ಟು, ಮೇಲೆ ಕನಿಷ್ಠ 3 ಮೀಟರ್ ಅಗಲ, ಎರಡೂ ಬದಿ ವಾಹನ ಹತ್ತಲು ಇಳಿಜಾರು. ಮಗು ಮೆಟ್ಟಿಲಿಳಿಯದೆ ದಾಟುತ್ತದೆ, ಚಾಲಕನ ಕಣ್ಣಿಗೂ ಎತ್ತರದಲ್ಲಿ ಕಾಣುತ್ತದೆ. ಹಂಪ್‌ಗಳು ಅದರ ಹಿಂದೆ ಮುಂದೆ ಇರಲಿ. ಹಂಪಿಗೆ 40 ಮೀಟರ್ ಮೊದಲೇ ಎಚ್ಚರಿಕೆ ಫಲಕ, ಮೈಮೇಲೆ ಹೊಳೆಯುವ ಬಿಳಿ ಗುರುತು ಕಡ್ಡಾಯ. ಬಣ್ಣ ಮಾಸಿದ ಹಂಪ್ ಕತ್ತಲಲ್ಲಿ ಗುಂಡಿಗಿಂತ ಕೆಟ್ಟದ್ದು. ನಿಮ್ಮ ಖರ್ಚಿನಲ್ಲಿ ನೀವೇ ಹಾಕಿಸಬೇಡಿ. ಸಂಚಾರ ಪೊಲೀಸರ ಅಭಿಪ್ರಾಯ ಪಡೆದು ಪಾಲಿಕೆಯೇ ಹಾಕಬೇಕು. ಯಾರಾದರೂ ಬಿದ್ದರೆ ಹೊಣೆ ನಿಮ್ಮ ಸಂಘದ ತಲೆಗೆ ಬರುತ್ತದೆ.

ಚರಂಡಿ ಜಾಲರಿಯಲ್ಲಿ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತೆ. ಏನು ಮಾಡೋದು?
— ವಿದ್ಯಾರ್ಥಿ, ಹುಬ್ಬಳ್ಳಿ

ಕಂಬಿಗಳು ನೀವು ಸಾಗುವ ದಿಕ್ಕಿಗೇ ಉದ್ದುದ್ದ ಇವೆ, ಅಡ್ಡಡ್ಡ ಇರಬೇಕಿತ್ತು. ರೇಸ್ ಮಾದರಿ ಟೈರಿನ ಅಗಲ 23ರಿಂದ 28 ಮಿ.ಮೀ., ಹಳೆಯ ಕಪ್ಪು ಸೈಕಲ್ಲಿನದು 38ರ ಆಸುಪಾಸು. ಸಂದಿ ಅದಕ್ಕಿಂತ ಅಗಲವಿದ್ದರೆ ಚಕ್ರ ಇಳಿದೇ ಇಳಿಯುತ್ತದೆ. ಜಾಲರಿ ಚೌಕವಾಗಿದ್ದರೆ ಎತ್ತಿ 90 ಡಿಗ್ರಿ ತಿರುಗಿಸಿ ಕೂರಿಸಿದರೆ ಮುಗಿಯಿತು, ಖರ್ಚು ಸೊನ್ನೆ. ಆಯತವಾಗಿದ್ದರೆ ಹತ್ತು ಸೆಂಟಿಮೀಟರಿಗೊಂದರಂತೆ ಅಡ್ಡಪಟ್ಟಿ ವೆಲ್ಡ್ ಮಾಡಿಸಬೇಕು, ಅರ್ಧ ಗಂಟೆಯ ಕೆಲಸ. ಪಾಲಿಕೆಗೆ ದೂರು ಕೊಡುವಾಗ ಜಾಲರಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಸಂದಿಯ ಅಳತೆ ಅದರಲ್ಲೇ ಕಾಣುತ್ತದೆ. ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಬರೆಯಲು ಮರೆಯಬೇಡಿ.

ನಾಲ್ಕು ವರ್ಷದಿಂದ ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಯಾರಿಗೆ, ಯಾವಾಗ, ಹೇಗೆ ಬರೆದರೆ ಕೆಲಸ ಆಗುತ್ತೆ?
— ನಿವೃತ್ತ ಶಿಕ್ಷಕಿ, ಬೆಂಗಳೂರು

ಮೇಡಂ, ನೀವು ಕಳಿಸಿದ ಮನವಿಯ ಪ್ರತಿಗಳನ್ನು ಓದಿದೆವು. ಎಲ್ಲವೂ ಕೆಲಸ ಶುರುವಾದ ಮೇಲೆ ಹೋಗಿವೆ. ರಸ್ತೆ ಕಾಮಗಾರಿ ಕ್ರಿಯಾ ಯೋಜನೆಯಲ್ಲಿ ಸೇರುತ್ತದೆ, ಎಸ್ಟಿಮೇಟ್ ಆಗುತ್ತದೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಆಮೇಲೆ ಕಾರ್ಯಾದೇಶ. ಕಾರ್ಯಾದೇಶ ಆದ ಮೇಲೆ ಒಂದು ಕೆರ್ಬ್ ಕಲ್ಲು ಸರಿಸಬೇಕಾದರೂ ಹೆಚ್ಚುವರಿ ಅನುಮೋದನೆ ಬೇಕು, ಯಾವ ಎಂಜಿನಿಯರೂ ಅದಕ್ಕೆ ಕೈ ಹಾಕುವುದಿಲ್ಲ. ಬಜೆಟ್ ಬರುವುದು ಫೆಬ್ರವರಿ-ಮಾರ್ಚ್ ಹೊತ್ತಿಗೆ. ನಿಮ್ಮ ಅಳತೆಯ ಹಾಳೆ ನವೆಂಬರ್-ಡಿಸೆಂಬರಿನಲ್ಲೇ ಮೇಜಿನ ಮೇಲಿರಬೇಕು. ಟೆಂಡರ್ ಕರೆದರೋ ಇಲ್ಲವೋ ಎಂಬುದು ರಾಜ್ಯದ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್ಲಿನಲ್ಲಿ ಎಲ್ಲರಿಗೂ ಕಾಣುತ್ತದೆ.

ರಸ್ತೆ ಯಾರದು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿ ಪ್ರಾಧಿಕಾರದ್ದೋ, ಇನ್ನೂ ಹಸ್ತಾಂತರವಾಗದ ಬಡಾವಣೆಯಾದರೆ ಅಭಿವೃದ್ಧಿ ಪ್ರಾಧಿಕಾರದ್ದೋ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ಹಳೆಯ ವಿಳಾಸಕ್ಕೆ ಬರೆದದ್ದು ಅಲೆಯುತ್ತಲೇ ಇರುತ್ತದೆ.

ಪತ್ರ ಒಂದೇ ಪುಟ, ಬೇಡಿಕೆ ಒಂದೇ. "ರಸ್ತೆ ಸುರಕ್ಷಿತವಾಗಲಿ" ಎಂಬುದಕ್ಕೆ ಯಾರೂ ಎಸ್ಟಿಮೇಟ್ ಹಾಕಲಾರರು. "ಐದನೇ ಅಡ್ಡರಸ್ತೆಯಿಂದ ಒಂಬತ್ತನೇ ಅಡ್ಡರಸ್ತೆವರೆಗೆ 420 ಮೀಟರ್, ಪೂರ್ವದ ಬದಿ 2 ಮೀಟರ್ ಸೈಕಲ್ ಪಥ, 150 ಮಿ.ಮೀ. ಮೀರದ ಕೆರ್ಬ್, ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಫುಟ್‌ಪಾತ್" ಎಂದರೆ ಎಂಜಿನಿಯರ್ ಅದನ್ನು ನೇರವಾಗಿ ಎಸ್ಟಿಮೇಟಿಗೆ ಇಳಿಸಬಹುದು. ಕೊನೆಯ ಎರಡು ಅಂಕಿಗಳು ಪಾದಚಾರಿ ಸೌಲಭ್ಯದ ಐಆರ್‌ಸಿ 103ರಲ್ಲೇ ಇವೆ, ಹೆಸರು ಹೇಳಿ ಬರೆಯಿರಿ.

ಜೊತೆಗೆ ಎಣಿಕೆ ಲಗತ್ತಿಸಿ. ಹದಿನೈದು ನಿಮಿಷದ ತುಂಡುಗಳಲ್ಲಿ ನಡೆಯುವವರು, ಸೈಕಲ್, ಬೈಕು, ಆಟೊ, ಕಾರು, ಬಸ್ಸು ಎಂದು ಎಣಿಸಿ. ಬೆಳಿಗ್ಗೆ 9ರಿಂದ 11 ಮಾತ್ರ ಎಣಿಸಿದರೆ ಸೈಕಲ್ಲೇ ಇಲ್ಲ ಎನಿಸುತ್ತದೆ. ಐದೂವರೆಯಿಂದ ಏಳರವರೆಗೆ ನಿಂತು ನೋಡಿ: ಪೇಪರ್ ಹುಡುಗರು, ಹಾಲಿನವರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಪೌರಕಾರ್ಮಿಕರು. ಇವರಿಗೆ ಸೈಕಲ್ ವಾರಾಂತ್ಯದ ವ್ಯಾಯಾಮವಲ್ಲ, ಆದರೆ ಮನವಿಗೆ ಸಹಿ ಹಾಕಲು ಇವರನ್ನು ಯಾರೂ ಕೇಳಿರುವುದಿಲ್ಲ. ಮೈಸೂರಿನವರಿಗೆ ಇನ್ನೊಂದು ಅನುಕೂಲವಿದೆ. 2017ರಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾದ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆಯಲ್ಲಿ ಯಾವ ನಿಲ್ದಾಣದಿಂದ ಎಷ್ಟು ಸೈಕಲ್ ಹೊರಟವು ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು.

ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮ ಇಲ್ಲಿದೆ, ಮೀರಿದರೆ ತಿರಸ್ಕರಿಸಲು ನೆಪವಾಗುತ್ತದೆ. "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ, ದಾಖಲೆ ಕೇಳಿ: ಅನುಮೋದಿತ ಅಡ್ಡಕೊಯ್ತದ ನಕ್ಷೆ (ರಸ್ತೆಯ ಅಗಲದಲ್ಲಿ ಯಾವುದಕ್ಕೆ ಎಷ್ಟು ಎಂದು ತೋರಿಸುವುದು), ಎಸ್ಟಿಮೇಟ್, ಕಾರ್ಯಾದೇಶ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ. ಆ ದಿನಾಂಕದೊಳಗೆ ಕಿತ್ತುಹೋದ ಕೆರ್ಬನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ತಪ್ಪು ಕಚೇರಿಗೆ ಹೋದರೆ 5 ದಿನದೊಳಗೆ ಸರಿಯಾದಲ್ಲಿಗೆ ಕಳಿಸುವುದು ಅವರ ಕೆಲಸ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಹೆಚ್ಚಿನವರಿಗೆ ಗೊತ್ತಿಲ್ಲದ್ದೊಂದಿದೆ: ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನು ಖುದ್ದು ಪರಿಶೀಲಿಸಲು, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯಲು ನಿಮಗೆ ಹಕ್ಕಿದೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಬಗ್ಗೆ ಕೇಳಿದ್ದೀರಿ. ರಸ್ತೆ ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವಿಕಲತೆ ಆದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ ಅದು. ಬಳಸಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಎರಡನ್ನೂ ಮೊದಲ ಪತ್ರದಲ್ಲೇ ಬರೆದು ಹೆದರಿಸಬೇಡಿ, ಕಡತ ಕಾನೂನು ಕೋಶಕ್ಕೆ ಹೋಗಿ ಕೂರುತ್ತದೆ. ಅಪಾಯವನ್ನು ಅಳತೆ, ಫೋಟೊ, ದಿನಾಂಕ ಸಮೇತ ತಿಳಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎರಡನೆಯ ಪತ್ರಕ್ಕೆ ಆ ಮುದ್ರೆಯ ನಕಲು ಲಗತ್ತಿಸಿದಾಗ ಕಲಮನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಿದರೆ ಸಾಕು.